ಹಳೇ ಎಸ್. 795 ಕೀಳುವ ಮುಂಚೆ ಒಂದು ಪ್ರಶ್ನೆ: ಅರೇಬಿಕಾ ಜೀನೋಮ್ ಓದಿದ್ದರಿಂದ ನಮಗೇನು?

ಮಾದಾಪುರ ತೋಟ:

ಎಲ್ಲರಿಗೂ ನಮಸ್ಕಾರ. ನಮ್ಮ ತೋಟದ ಮೇಲ್ಭಾಗದಲ್ಲಿ ಅಪ್ಪ ನೆಟ್ಟ ಎಸ್. 795 ಅನ್ನುವ ಅರೇಬಿಕಾ ಕಾಫಿ ತಳಿ ಇದೆ. ಕಾಂಡ ಕೊರೆಯುವ ಬೋರರ್ ಹುಳದ ಹಾವಳಿಯಲ್ಲಿ ಸುಮಾರು ಗಿಡ ಹೋಗಿವೆ. ಉಳಿದವು ವಯಸ್ಸಾದರೂ ಕಾಯಿ ಕಟ್ಟುತ್ತಿವೆ. ಈ ಸಲ ಕೊಯ್ಲು ಮುಗಿದ ಮೇಲೆ ಎಲ್ಲ ಕಿತ್ತು ರೊಬಸ್ಟಾ ಹಾಕೋಣ ಅಂತ ಮನೆಯಲ್ಲಿ ಮಾತು ನಡೆದಿದೆ. ಅಕ್ಕಪಕ್ಕದವರು ಆಗಲೇ ಹಾಕಿದ್ದಾರೆ. ಕೂಲಿ, ಬೋರರ್, ಔಷಧಿ ಖರ್ಚು ಎಲ್ಲ ನೋಡಿದರೆ ಅವರನ್ನು ತಪ್ಪು ಅನ್ನುವ ಹಾಗಿಲ್ಲ.

ಈ ನಡುವೆ 2024ರಲ್ಲಿ ಬಂದ ಅರೇಬಿಕಾ ಜೀನೋಮ್ (ಗಿಡದ ಪೂರ್ತಿ ಡಿಎನ್‌ಎ) ಅಧ್ಯಯನದ ಬಗ್ಗೆ ಓದಿದೆ. ಅರೇಬಿಕಾ ಅನ್ನೋದು ರೊಬಸ್ಟಾ ಮತ್ತು ಯೂಜೆನಿಯಾಯ್ಡಿಸ್ ಅನ್ನುವ ಇನ್ನೊಂದು ಕಾಡು ಕಾಫಿ ಸೇರಿ ಹುಟ್ಟಿದ ಗಿಡವಂತೆ. ಅಂದರೆ ರೊಬಸ್ಟಾ ಅದರ ಹೆತ್ತವರಲ್ಲೊಂದು. ಪ್ರಪಂಚದ ಅರೇಬಿಕಾ ತಳಿಗಳೆಲ್ಲ ಒಂದಕ್ಕೊಂದು ತುಂಬಾ ಹತ್ತಿರ, ಒಳಗೆ ವೈವಿಧ್ಯವೇ ಕಡಿಮೆ ಅಂತಲೂ ಇದೆ. ಇದನ್ನು ಓದಿದ ಮೇಲೆ ಮನಸ್ಸು ಸ್ವಲ್ಪ ತಡೆಯುತ್ತಿದೆ. ಹಾಗಾದರೆ ನಮ್ಮ ಹಳೇ ಗಿಡಗಳಿಗೆ ಬೆಲೆ ಇದೆಯಾ? ಅಥವಾ ಇದು ಲ್ಯಾಬ್‌ನವರ ವಿಷಯ, ನಮಗೆ ಸಂಬಂಧ ಇಲ್ಲವಾ? ತಿಳಿದವರು ದಯವಿಟ್ಟು ಬಿಡಿಸಿ ಹೇಳಿ.

ಸುಂಟಿಕೊಪ್ಪದವ:

ಗೆಳೆಯರೇ, ನಾನು ಸೀದಾ ಹೇಳುತ್ತೇನೆ. ಜೀನೋಮ್ ಓದಿದರೆ ಬೋರರ್ ಸಾಯೋದಿಲ್ಲ. ಏಪ್ರಿಲ್-ಮೇನಲ್ಲಿ ಒಂದು ಸಲ, ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಇನ್ನೊಂದು ಸಲ ದುಂಬಿ ಹಾರುತ್ತದೆ. ಬಿಸಿಲು ಬೀಳುವ ಕಾಂಡದ ತೊಗಟೆ ಸಂದಿನಲ್ಲಿ ಮೊಟ್ಟೆ ಇಡುತ್ತದೆ. ಹುಳ ಒಳಗೆ ಹೋದ ಮೇಲೆ ಹೊರಗೆ ತೂತು ಕಾಣುವುದಿಲ್ಲ. ತೊಗಟೆ ಮೇಲೆ ಕೈ ಆಡಿಸಿದರೆ ಏಣು ಏಣಾಗಿ ಸಿಗುತ್ತದೆ, ಎಲೆ ಹಳದಿಗೆ ತಿರುಗುತ್ತದೆ, ಅಷ್ಟೇ ಗುರುತು. ಕಾಂಡ ಸೀಳಿ ನೋಡಿ. ಹುಳ ಕೊರೆದ ದಾರಿಯಲ್ಲಿ ಮರದ ಪುಡಿ ಗಟ್ಟಿಯಾಗಿ ತುಂಬಿರುತ್ತದೆ. ಅದರೊಳಗೆ ಯಾವ ಔಷಧಿ ಇಳಿಯಬೇಕು? ಗಿಡ ಕಿತ್ತು ಸುಡುವುದು ಬಿಟ್ಟು ಬೇರೆ ದಾರಿ ನನಗಂತೂ ಸಿಕ್ಕಿಲ್ಲ.

ರೊಬಸ್ಟಾಕ್ಕೆ ಈ ಕಾಟ ಇಲ್ಲ ಅನ್ನುವಷ್ಟು ಕಡಿಮೆ. ನಾನು ಬದಲಾಯಿಸಿದೆ, ನೆಮ್ಮದಿಯಾಗಿದ್ದೇನೆ.

ಜೀನೋಮ್ ಓದು (ಮಡಿಕೇರಿ):

ಮಾದಾಪುರದ ಅಣ್ಣ, ಒಳ್ಳೆ ಪ್ರಶ್ನೆ. ನಾನು ಗಿಡಗಳ ಜೀನೋಮ್ ಮೇಲೆ ಪಿಎಚ್‌ಡಿ ಮಾಡುತ್ತಿದ್ದೇನೆ. ಊರಲ್ಲಿ ನಮ್ಮದೂ ಕಾಫಿ ಇದೆ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಸರ ಮಾಡಬೇಡಿ.

ಮೊದಲು ಲೆಕ್ಕ. ರೊಬಸ್ಟಾದಲ್ಲಿ 22 ವರ್ಣತಂತು. ಯೂಜೆನಿಯಾಯ್ಡಿಸ್‌ನಲ್ಲೂ 22. ಅರೇಬಿಕಾದಲ್ಲಿ 44. ಅಂದರೆ ಅರೇಬಿಕಾ ಅಪ್ಪ-ಅಮ್ಮನಿಂದ ಅರ್ಧರ್ಧ ತೆಗೆದುಕೊಂಡಿಲ್ಲ, ಇಬ್ಬರದ್ದನ್ನೂ ಪೂರ್ತಿ ಇಟ್ಟುಕೊಂಡಿದೆ. ಒಂದೇ ಜೀವಕೋಶದಲ್ಲಿ ಎರಡು ಜೀನೋಮ್ ಒಟ್ಟಿಗೆ ಸಂಸಾರ ಮಾಡುತ್ತಿವೆ. ಹೆಚ್ಚಿನ ಕೆಲಸಗಳಿಗೆ ಒಂದೇ ಜೀನಿನ ಎರಡು ಪ್ರತಿ, ಒಂದು ರೊಬಸ್ಟಾ ಕಡೆಯದ್ದು, ಇನ್ನೊಂದು ಯೂಜೆನಿಯಾಯ್ಡಿಸ್ ಕಡೆಯದ್ದು. 2024ರ ಅಧ್ಯಯನದಲ್ಲಿ ಗಮನಿಸಿದ್ದು ಏನೆಂದರೆ, ಒಟ್ಟಾರೆಯಾಗಿ ಯಾವ ಕಡೆಯೂ ಇನ್ನೊಂದರ ಮೇಲೆ ಸವಾರಿ ಮಾಡುತ್ತಿಲ್ಲ. ಕೆಲವು ಜೀನ್ ಗುಂಪುಗಳಲ್ಲಿ ಒಂದು ಕಡೆ ಜಾಸ್ತಿ ಕೆಲಸ ಮಾಡುತ್ತದೆ, ಇನ್ನು ಕೆಲವದರಲ್ಲಿ ಇನ್ನೊಂದು ಕಡೆ. ನನಗೆ ಆ ಪ್ರಬಂಧದಲ್ಲಿ ತುಂಬಾ ಇಷ್ಟವಾದ ಭಾಗ ಇದು. ಗಿಡ ಅನ್ನೋದು ಜೀನ್‌ಗಳ ಪಟ್ಟಿ ಅಲ್ಲ, ಅವುಗಳ ನಡುವಿನ ಹೊಂದಾಣಿಕೆ. ಸಿಸ್ಟಮ್ಸ್ ಬಯಾಲಜಿ ಅಂತ ನಾವು ಓದುವುದೂ ಇದನ್ನೇ. ಯಾವ ಜೀನ್ ಯಾವಾಗ ಎದ್ದೇಳುತ್ತದೆ, ಯಾರು ಯಾರನ್ನು ತಡೆಯುತ್ತಾರೆ, ಒಂದನ್ನು ಅಲುಗಾಡಿಸಿದರೆ ಇನ್ನೇನು ಅಲುಗುತ್ತದೆ ಅಂತ.

ಈಗ ವೈವಿಧ್ಯದ ಮಾತು. ಅರೇಬಿಕಾ ಹುಟ್ಟಿದ್ದು 3.5 ಲಕ್ಷದಿಂದ 6.1 ಲಕ್ಷ ವರ್ಷಗಳ ಹಿಂದೆ ಅಂತ ಈ ತಂಡದ ಲೆಕ್ಕ. ಅದಾದ ಮೇಲೆ ಹವಾಮಾನ ಏರುಪೇರಾದ ಹಾಗೆ ಗಿಡಗಳ ಸಂಖ್ಯೆ ಕೆಲವು ಸಲ ತೀರಾ ಕುಸಿದಿದೆ. ಸುಮಾರು 30 ಸಾವಿರ ವರ್ಷದ ಹಿಂದೆ ಕಾಡಿನಲ್ಲೇ ಎರಡು ಕವಲಾಗಿವೆ. ಇಥಿಯೋಪಿಯಾದ ಕಾಡಿನಲ್ಲಿ ಉಳಿದದ್ದು ಒಂದು. ಮುಂದೆ ಮನುಷ್ಯರ ಕೈಗೆ ಸಿಕ್ಕಿದ್ದು ಇನ್ನೊಂದು. ಯೆಮನ್‌ನಲ್ಲಿ ಬೇಸಾಯ, ಅಲ್ಲಿಂದ 17ನೇ ಶತಮಾನದಲ್ಲಿ ಬಾಬಾ ಬುಡನ್ ತಂದ ಏಳು ಬೀಜದ ಕಥೆ ನಮಗೆಲ್ಲ ಗೊತ್ತೇ ಇದೆ. ಡಚ್ಚರು ಮಲಬಾರ್ ಕಡೆಯಿಂದ ಜಾವಾಗೆ ಸಸಿ ಒಯ್ದರು, ಜಾವಾದಿಂದ ಒಂದು ಗಿಡ 1706ರಲ್ಲಿ ಆಮ್‌ಸ್ಟರ್‌ಡ್ಯಾಮ್ ಸೇರಿತು. ಟಿಪಿಕಾ ಅನ್ನುವ ವಂಶ ಹಬ್ಬಿದ್ದು ಆ ದಾರಿಯಲ್ಲಿ. ಫ್ರೆಂಚರು ಇಂದಿನ ರಿಯೂನಿಯನ್ ದ್ವೀಪಕ್ಕೆ ಒಯ್ದದ್ದು ಬೌರ್ಬನ್ ವಂಶ. ಪ್ರತಿ ಸಲವೂ ನಾಲ್ಕಾರು ಬೀಜ, ಒಂದೆರಡು ಗಿಡ. ಮೇಲಾಗಿ ಅರೇಬಿಕಾ ತನ್ನ ಹೂವಿಗೆ ತಾನೇ ಪರಾಗ ಕೊಟ್ಟುಕೊಳ್ಳುವ ಗಿಡ. ಹೊಸ ರಕ್ತ ಬರೋದು ಎಲ್ಲಿಂದ?

ಒಂದು ಮಾತು ಸೇರಿಸಬೇಕು. ಆ ವಯಸ್ಸಿನ ಬಗ್ಗೆ ಎಲ್ಲರಿಗೂ ಒಮ್ಮತ ಇಲ್ಲ. 2020ರಲ್ಲಿ ಇಟಲಿಯ ಉಡಿನೆಯ ತಂಡ ಬರೀ 10ರಿಂದ 20 ಸಾವಿರ ವರ್ಷ ಅಂತ ಅಂದಾಜು ಮಾಡಿತ್ತು. ವ್ಯತ್ಯಾಸ ದೊಡ್ಡದು. ಲೆಕ್ಕದ ವಿಧಾನ, ಪೀಳಿಗೆಗೆ ಎಷ್ಟು ವರ್ಷ ಅಂತ ಹಿಡಿಯುತ್ತಾರೆ, ಇದರ ಮೇಲೆಲ್ಲ ಉತ್ತರ ಬದಲಾಗುತ್ತದೆ. ಆದರೆ ಒಂದು ವಿಷಯದಲ್ಲಿ ಎರಡೂ ತಂಡ ಒಂದೇ ಮಾತು ಹೇಳುತ್ತವೆ: ಅರೇಬಿಕಾದ ಒಳಗಿನ ವೈವಿಧ್ಯ ತೀರಾ ಕಡಿಮೆ.

ಶನಿವಾರಸಂತೆ ಮಾಮ:

ಮಗಳೇ, ಚೆನ್ನಾಗಿ ಬರೆದಿದ್ದೀಯ. ನಾನು ಇದಕ್ಕೆ ತುಕ್ಕು ರೋಗದ ಕಡೆಯಿಂದ ಸೇರಿಸುತ್ತೇನೆ. ನಮ್ಮ ಕಾಲದವರಿಗೆ ಬೋರರ್‌ಗಿಂತ ಮೊದಲು ಪರಿಚಯ ಆದ ಶತ್ರು ಅದು.

1869ರಲ್ಲಿ ಶ್ರೀಲಂಕಾದ ತೋಟಗಳಲ್ಲಿ ಎಲೆ ತುಕ್ಕು ಕಾಣಿಸಿತು. ಅಲ್ಲಿನ ಕಾಫಿ ನೆಲಕಚ್ಚಿ ಟೀ ಬಂತು. ಸ್ವಲ್ಪದರಲ್ಲೇ ನಮ್ಮ ಕಡೆಗೂ ಬಂತು. ಆಗ ಇಲ್ಲಿದ್ದ ಹಳೇ ಚಿಕ್ ಮತ್ತು ಕೂರ್ಗ್ ತಳಿಗಳು ಇದಕ್ಕೆ ತಡೆಯಲಿಲ್ಲ. ಆಮೇಲೆ ಕೆಂಟ್ ಅನ್ನುವ ಅರೇಬಿಕಾ ತಳಿ ಬಂತು, ಕೆಲವು ವರ್ಷ ತಡೆಯಿತು, ಅದೂ ಸೋತಿತು. ಯಾಕೆ ಅಂತ ಮೊದಲು ತೋರಿಸಿದ್ದು ನಮ್ಮ ಬಾಳೆಹೊನ್ನೂರಿನಲ್ಲೇ. 1925ರಲ್ಲಿ ಶುರುವಾದ ಆ ಸಂಶೋಧನಾ ಕೇಂದ್ರದಲ್ಲಿ ಮೇನ್ ಅನ್ನುವ ವಿಜ್ಞಾನಿ 1930ರ ದಶಕದಲ್ಲಿ ಕಂಡುಹಿಡಿದರು. ತುಕ್ಕು ಶಿಲೀಂಧ್ರ ಒಂದೇ ಅಲ್ಲ, ಅದರಲ್ಲಿ ಬೇರೆ ಬೇರೆ ರೇಸ್‌ಗಳಿವೆ. ಒಂದು ರೇಸ್‌ಗೆ ತಡೆಯುವ ಗಿಡ ಇನ್ನೊಂದಕ್ಕೆ ಶರಣು. ಈಗ 40ಕ್ಕೂ ಹೆಚ್ಚು ರೇಸ್ ಗುರುತಾಗಿವೆ.

ಮಳೆ ಬಿಟ್ಟ ಬೆಳಿಗ್ಗೆ ಎಲೆ ತಿರುಗಿಸಿ ನೋಡಿ. ಅಡಿಯಲ್ಲಿ ಕಿತ್ತಳೆ ಬಣ್ಣದ ಪುಡಿ, ಬೆರಳಿಗೆ ಹತ್ತುತ್ತದೆ. ಅದೆಲ್ಲ ಬೀಜಾಣು. ಎಲೆ ಮೇಲೆ ನೀರು ನಿಂತರೆ ಮೊಳೆತು, ಎಲೆಯಡಿಯ ಉಸಿರು ರಂಧ್ರದಲ್ಲಿ ನುಗ್ಗುತ್ತದೆ. ಕೋಟಿಗಟ್ಟಲೆ ಬೀಜಾಣುಗಳಲ್ಲಿ ಒಂದು ಬದಲಾದರೂ ಸಾಕು. ಒಂದೇ ತಳಿ ಹತ್ತಾರು ಮೈಲಿ ಇದ್ದರೆ ಆ ಒಂದಕ್ಕೆ ಹಬ್ಬ. ಕಾವೇರಿ ತಳಿ ಬಂದಾಗ ಎಷ್ಟು ಆಸೆಯಿಂದ ಹಾಕಿದೆವು! ಕಾಲ ಕಳೆದ ಹಾಗೆ ಅದಕ್ಕೂ ಹೊಸ ರೇಸ್ ಬಂತು. ಮತ್ತೆ ಮೈಲುತುತ್ತ, ಸುಣ್ಣ, ಬೋರ್ಡೋ ಸ್ಪ್ರೇ.

ಆದ್ದರಿಂದ ಮಾದಾಪುರದವರು ತಡೆದು ಯೋಚಿಸುತ್ತಿರುವುದು ಸರಿ ಅಂತಲೇ ನನ್ನ ಅಭಿಪ್ರಾಯ.

ನರ್ಸರಿ ಸಿದ್ದಾಪುರ:

ಒಂದು ಸಣ್ಣ ಪ್ರಶ್ನೆ. ಜೀನೋಮ್ ಅಂದ ಕೂಡಲೇ ಗಿರಾಕಿಗಳು ಕುಲಾಂತರಿ ಗಿಡನಾ ಅಂತ ಕೇಳುತ್ತಾರೆ. ಏನು ಹೇಳಬೇಕು?

ಜೀನೋಮ್ ಓದು (ಮಡಿಕೇರಿ):

ಅಲ್ಲ ಅಂತಲೇ ಹೇಳಿ. ಇಲ್ಲಿ ಆಗಿರುವುದು ಓದು ಮಾತ್ರ. ಅರೇಬಿಕಾದಲ್ಲಿ ಸುಮಾರು 120 ಕೋಟಿ ಡಿಎನ್‌ಎ ಅಕ್ಷರಗಳಿವೆ, ರೊಬಸ್ಟಾದಲ್ಲಿ ಸುಮಾರು 71 ಕೋಟಿ. ಅವನ್ನು ಸಾಲಾಗಿ ಓದಿದ್ದಾರೆ. ಗಿಡಕ್ಕೆ ಏನನ್ನೂ ಸೇರಿಸಿಲ್ಲ. ರೊಬಸ್ಟಾದ್ದು 2014ರಲ್ಲೇ ಬಂದಿತ್ತು. ಕೆಫೀನ್ ಮಾಡುವ ಜೀನ್‌ಗಳು ಕಾಫಿಯಲ್ಲಿ, ಟೀ ಮತ್ತು ಕೋಕೋದಲ್ಲಿ ಬೇರೆ ಬೇರೆಯಾಗಿ ಹುಟ್ಟಿಕೊಂಡಿವೆ ಅಂತ ಆಗಲೇ ಗೊತ್ತಾಗಿದ್ದು.

ಉಪಯೋಗ ಎಲ್ಲಿ ಅಂದರೆ, ಸಸಿಮಡಿಯಲ್ಲಿ. ಎರಡು ಎಲೆ ಬಿಟ್ಟ ಸಸಿಯ ಚೂರು ಎಲೆ ತೆಗೆದು, ಬೇಕಾದ ಜೀನ್ ಇದೆಯಾ ಅಂತ ಡಿಎನ್‌ಎ ಗುರುತಿನಿಂದ ನೋಡಬಹುದು. ಇಲ್ಲದಿದ್ದರೆ ಗಿಡ ಬೆಳೆಸಿ, ರೋಗ ಬರಲಿ ಅಂತ ವರ್ಷಗಟ್ಟಲೆ ಕಾಯಬೇಕು.

ಮಾದಾಪುರ ತೋಟ:

ಇಷ್ಟು ಬೇಗ ಇಷ್ಟೊಂದು ಉತ್ತರ ಬರುತ್ತದೆ ಅಂದುಕೊಂಡಿರಲಿಲ್ಲ, ಎಲ್ಲರಿಗೂ ಧನ್ಯವಾದ. ನನ್ನ ಮೂಲ ಪ್ರಶ್ನೆಗೆ ಬರುತ್ತೇನೆ. ಎಸ್. 795ರಲ್ಲಿ ಉಳಿಸುವಂಥದ್ದು ನಿಜವಾಗಿ ಏನಾದರೂ ಇದೆಯಾ? ಎಲ್ಲ ನೆಂಟರೇ ಆದರೆ ಇದೂ ಅದೇ ಅಲ್ವಾ?

ಜೀನೋಮ್ ಓದು (ಮಡಿಕೇರಿ):

ಅಣ್ಣ, ಇಲ್ಲಿದೆ ಮಜಾ. ಎಸ್. 795 ಪೂರ್ತಿ ಅರೇಬಿಕಾ ಅಲ್ಲ! ಅದರ ವಂಶ ನೋಡಿ. ಎಸ್. 26 ಅನ್ನುವ ಗಿಡ ಲೈಬೀರಿಕಾ ಅನ್ನುವ ಇನ್ನೊಂದು ಜಾತಿಯ ಕಾಫಿ ಮತ್ತು ಅರೇಬಿಕಾ ತಾವಾಗಿಯೇ ಬೆರೆತು ಹುಟ್ಟಿದ್ದು. ಅದರಿಂದ ಆರಿಸಿದ್ದು ಎಸ್. 288. ಅದಕ್ಕೆ ಕೆಂಟ್ ಸೇರಿಸಿ ಮಾಡಿದ್ದು ನಿಮ್ಮ 795. 1940ರ ದಶಕದಲ್ಲಿ ಬೆಳೆಗಾರರಿಗೆ ಸಿಕ್ಕಿತು. ಲೈಬೀರಿಕಾದಿಂದ ಬಂದ ಡಿಎನ್‌ಎ ತುಂಡಿನಲ್ಲಿ ಎಸ್‌ಎಚ್3 ಅನ್ನುವ ತುಕ್ಕು ನಿರೋಧಕ ಜೀನ್ ಇದೆ. ಬಾಳೆಹೊನ್ನೂರಿನ ವಿಜ್ಞಾನಿಗಳು ಫ್ರಾನ್ಸಿನವರ ಜೊತೆ ಸೇರಿ 2004ರ ಹೊತ್ತಿಗೇ ಆ ಜೀನ್ ಪಕ್ಕದ ಡಿಎನ್‌ಎ ಗುರುತುಗಳನ್ನು ಪತ್ತೆ ಮಾಡಿದ್ದರು. ಇಡೀ ಪ್ರಪಂಚದ ತಳಿ ಅಭಿವೃದ್ಧಿಯಲ್ಲಿ ಎಸ್‌ಎಚ್3 ಬೇಕು ಅಂದಾಗ ಜನ ತಿರುಗಿ ನೋಡುವುದು ನಮ್ಮ ಈ ಸಾಲಿನ ಗಿಡಗಳ ಕಡೆಗೆ.

ಈಗ ಇನ್ನೊಂದು ಕಡೆ. ಕಾವೇರಿ, 2007ರಲ್ಲಿ ಬಂದ ಚಂದ್ರಗಿರಿ, ಇವುಗಳ ನಿರೋಧಕ ಶಕ್ತಿ ಬಂದದ್ದು ಟಿಮೋರ್ ಹೈಬ್ರಿಡ್‌ನಿಂದ. ಟಿಮೋರ್ ದ್ವೀಪದಲ್ಲಿ 1927ರಲ್ಲಿ ಕಂಡ ಗಿಡ. ಅರೇಬಿಕಾ ಮತ್ತು ರೊಬಸ್ಟಾ ಮತ್ತೆ ಕೂಡಿ ಹುಟ್ಟಿದ್ದು. 2024ರ ಅಧ್ಯಯನ ಇದರ ವಂಶದ ಗಿಡಗಳಲ್ಲಿ ರೊಬಸ್ಟಾದಿಂದ ಬಂದ ತುಂಡುಗಳು ಎಲ್ಲೆಲ್ಲಿ ಉಳಿದಿವೆ ಅಂತ ಹುಡುಕಿತು. ಸಿಕ್ಕಿದ್ದು ಒಂದು ಜೀನ್ ಅಲ್ಲ. ರೋಗ ಗುರುತಿಸುವ ಜೀನ್‌ಗಳ ಗೊಂಚಲು, ಜೊತೆಗೆ ಅಂಥ ಜೀನ್‌ಗಳನ್ನು ಹತೋಟಿಯಲ್ಲಿಡುವ ಇನ್ನೊಂದು ಜೀನ್. ಹತೋಟಿ ಯಾಕೆ ಬೇಕು ಅಂದರೆ, ರಕ್ಷಣೆ ಯಾವಾಗಲೂ ಎದ್ದೇ ಕೂತರೆ ಗಿಡ ಬೆಳೆಯೋದಿಲ್ಲ, ಇರುವ ಶಕ್ತಿಯೆಲ್ಲ ಅಲ್ಲೇ ಖರ್ಚಾಗುತ್ತದೆ. ಬೇಕಾದಾಗ ಏಳಬೇಕು, ಬೇಡವಾದಾಗ ಮಲಗಬೇಕು.

ಅಂದರೆ ನಿಮ್ಮ 795ರ ರಕ್ಷಣೆ ಲೈಬೀರಿಕಾದ್ದು, ಚಂದ್ರಗಿರಿಯದ್ದು ರೊಬಸ್ಟಾದ್ದು. ದಾರಿ ಬೇರೆ ಬೇರೆ. ಎರಡನ್ನೂ ಒಂದೇ ಗಿಡದಲ್ಲಿ ಕೂಡಿಸಿದರೆ ಶಿಲೀಂಧ್ರಕ್ಕೆ ಎರಡು ಬೀಗ ಒಟ್ಟಿಗೆ ತೆಗೆಯಬೇಕಾಗುತ್ತದೆ. ಆ ಕೂಡಿಸುವ ಕೆಲಸಕ್ಕೆ ಎರಡೂ ಜಾತಿ ಗಿಡ ಜೀವಂತ ಇರಬೇಕು, ಅದೂ ಬೇರೆ ಬೇರೆ ಜಾಗದಲ್ಲಿ ಬದುಕಿ ತೋರಿಸಿದ ಗಿಡಗಳು.

ಸುಂಟಿಕೊಪ್ಪದವ:

ಒಪ್ಪುತ್ತೇನೆ, ತುಕ್ಕಿಗೆ ಸರಿ. ಆದರೆ ಮತ್ತೆ ಕೇಳುತ್ತೇನೆ, ಬೋರರ್? ಚಂದ್ರಗಿರಿಗೂ ಬೋರರ್ ಬರುತ್ತದೆ. ಲೈಬೀರಿಕಾ ತುಂಡು ಇದ್ದ 795ಕ್ಕೂ ಬಂತು. ಬೆಳೆಗಾರ ಗಿಡ ಉಳಿಸಬೇಕು ಅಂದರೆ ಅವನ ಸಾಲ ಯಾರು ತೀರಿಸುತ್ತಾರೆ? ಇದನ್ನು ಕೋಪದಿಂದ ಹೇಳುತ್ತಿಲ್ಲ. 2018ರ ಮಳೆಯಲ್ಲಿ ಮಾದಾಪುರದ ಮೇಲಿನ ಬೆಟ್ಟಗಳು ಜರಿದು ತೋಟಗಳೇ ಮಣ್ಣಿನಡಿ ಹೋದದ್ದನ್ನು ನಾವೆಲ್ಲ ನೋಡಿದ್ದೇವೆ. ಉಳಿದ ಜಾಗದಲ್ಲಿ ಖಾತ್ರಿ ಬೆಳೆ ಬೇಕು ಅಂತ ಜನ ಅಂದರೆ ಅದರಲ್ಲಿ ನ್ಯಾಯ ಇದೆ.

ಶನಿವಾರಸಂತೆ ಮಾಮ:

ನ್ಯಾಯ ಖಂಡಿತ ಇದೆ. ಬೋರರ್‌ಗೆ ತಡೆಯುವ ಅರೇಬಿಕಾ ನಮ್ಮ ಕೈಯಲ್ಲಿಲ್ಲ, ಅದು ಸತ್ಯ. ನೆರಳೇ ಮೊದಲ ಔಷಧಿ. ಹಾಲುವಾಣ, ಅತ್ತಿ, ಹಲಸು ಇದ್ದ ಹಳೇ ತೋಟಗಳಲ್ಲಿ ಬೋರರ್ ಅಷ್ಟು ಜೋರಾಗಿರಲಿಲ್ಲ. ಮರಗಸಿ (ನೆರಳಿನ ಮರದ ಕೊಂಬೆ ಕಡಿಯುವುದು) ಜಾಸ್ತಿ ಮಾಡಿ, ಕಾಡು ಮರ ತೆಗೆದು ಬರೀ ಸಿಲ್ವರ್ ಓಕ್ ನಿಲ್ಲಿಸಿದ ಕಡೆ ಕಾಂಡಕ್ಕೆ ಬಿಸಿಲು ಹೊಡೆಯಿತು.

ನರ್ಸರಿ ಸಿದ್ದಾಪುರ:

ರೊಬಸ್ಟಾಕ್ಕೆ ಹೋಗುವವರಿಗೆ ನನ್ನದೊಂದು ಮಾತು, ಇದೂ ಜೀನಿಗೇ ಸಂಬಂಧಪಟ್ಟದ್ದು. ಅರೇಬಿಕಾ ತಾನೇ ಪರಾಗಸ್ಪರ್ಶ ಮಾಡಿಕೊಳ್ಳುತ್ತದೆ. ರೊಬಸ್ಟಾ ಮಾಡಿಕೊಳ್ಳುವುದಿಲ್ಲ. ತನ್ನದೇ ಪರಾಗವನ್ನು ಗುರುತಿಸಿ ತಡೆಯುತ್ತದೆ. ಒಂದೇ ಒಳ್ಳೆ ಗಿಡದ ಕಡ್ಡಿಯಿಂದ ಕಸಿ ಮಾಡಿ ಇಡೀ ಬ್ಲಾಕ್ ತುಂಬಿಸಿದರೆ ಹೂ ಬಿಳಿಯಾಗಿ ತುಂಬುತ್ತದೆ, ಕಾಯಿ ನಿಲ್ಲೋದಿಲ್ಲ. ಈ ಬಗ್ಗೆ ಕೇಳದೆ ಹಾಕಿದವರು ನಮ್ಮ ಕಡೆ ಇದ್ದಾರೆ. ಕಸಿ ಹಾಕುವುದಾದರೆ ಬೇರೆ ಬೇರೆ ತಾಯಿ ಗಿಡದ್ದು ಬೆರೆಸಿ ಹಾಕಿ. ರೊಬಸ್ಟಾ ತಳಿಗಳಾದ ಸಿಎಕ್ಸ್‌ಆರ್ ಆಗಲಿ, ಎಸ್. 274 ಆಗಲಿ, ಬೀಜದಿಂದ ಬಂದ ಸಸಿ ಆದರೆ ಗಿಡಕ್ಕೆ ಗಿಡ ವ್ಯತ್ಯಾಸ ಇರುತ್ತದೆ, ಪರವಾಗಿಲ್ಲ.

ಮಾದಾಪುರದ ಜಾಗ ಎತ್ತರದ್ದು. ಅಲ್ಲಿ ಅರೇಬಿಕಾಕ್ಕೆ ಬರುವ ಗುಣ ರೊಬಸ್ಟಾಕ್ಕೆ ಬರುತ್ತದಾ ಅನ್ನೋದನ್ನೂ ನೋಡಿ.

ಬಾಣೆಮನೆ (ನಾಪೋಕ್ಲು):

ನರ್ಸರಿಯವರು ಹೇಳಿದ್ದಕ್ಕೆ ಜೇನು ಸೇರಿಸಿ. ಹೂಮಳೆ ಬಿದ್ದ ಮೇಲೆ ರೊಬಸ್ಟಾ ಅರಳಿರುವ ನಾಲ್ಕೈದು ದಿನ ಹೆಜ್ಜೇನು, ತುಡುವೆ ಬಾರದಿದ್ದರೆ ನಷ್ಟ ನಮಗೇ. ಆ ದಿನಗಳಲ್ಲಿ ಸ್ಪ್ರೇ ಮಾಡಬೇಡಿ ಅಂತ ಎಲ್ಲರಲ್ಲೂ ಕೇಳಿಕೊಳ್ಳುತ್ತೇನೆ.

ಇನ್ನೊಂದು. ಟಿಮೋರ್ ದ್ವೀಪದ ಮಾತು ಬಂತು. ಅಂಥದ್ದೇ ಗಿಡ ನಮ್ಮ ಕೊಡಗಿನಲ್ಲೂ ಸಿಕ್ಕಿದೆ. ದೇವಮಚ್ಚಿ ಹೈಬ್ರಿಡ್. ಅದೂ ಅರೇಬಿಕಾ ಮತ್ತು ರೊಬಸ್ಟಾ ತಾವೇ ಬೆರೆತು ಹುಟ್ಟಿದ್ದು. ಸೆಲೆಕ್ಷನ್ 5 ಅನ್ನುವ ಅರೇಬಿಕಾ ತಳಿ ಮಾಡುವಾಗ ಅದನ್ನು ಬಳಸಿದ್ದಾರೆ. ಯಾರೋ ಒಬ್ಬರು ತೋಟದಲ್ಲಿ ಈ ಗಿಡ ಬೇರೆ ಥರ ಇದೆಯಲ್ಲ ಅಂತ ನಿಂತು ನೋಡಿ, ಕೀಳದೆ ಬಿಟ್ಟದ್ದಕ್ಕೆ ಅದು ಉಳಿಯಿತು. ಎರಡೂ ಜಾತಿ ಅಕ್ಕಪಕ್ಕ ಬೆಳೆಯುವ ಜಾಗ ನಮ್ಮದು. ಅಂಥ ಗಿಡ ಇನ್ನೂ ಇರಬಹುದು. ಎಲೆ ರೊಬಸ್ಟಾ ಹಾಗೆ ದೊಡ್ಡದು, ಹಣ್ಣಿನ ಗೊಂಚಲು ಬೇರೆ ಥರ, ಕಾಯಿ ಕಡಿಮೆ ಕಟ್ಟುವುದು, ಇಂಥದ್ದು ಕಂಡರೆ ದಯವಿಟ್ಟು ಕತ್ತಿ ಹಾಕಬೇಡಿ.

ಜೀನೋಮ್ ಓದು (ಮಡಿಕೇರಿ):

ಅಕ್ಕ, ತುಂಬಾ ಮುಖ್ಯವಾದ ಮಾತು ಹೇಳಿದಿರಿ. ಸಾಮಾನ್ಯವಾಗಿ 22ರ ರೊಬಸ್ಟಾ ಮತ್ತು 44ರ ಅರೇಬಿಕಾ ಬೆರೆತರೆ ಮಗುವಿಗೆ 33 ಬರುತ್ತದೆ. ಜೋಡಿ ಕೂಡುವುದಿಲ್ಲ, ಬೀಜ ಸರಿಯಾಗಿ ಕಟ್ಟುವುದಿಲ್ಲ. ಅಪರೂಪಕ್ಕೆ ರೊಬಸ್ಟಾ ತನ್ನ 22ನ್ನೂ ಪೂರ್ತಿ ಕೊಟ್ಟರೆ 44 ಆಗಿ ಗಿಡ ಫಲ ಕೊಡುತ್ತದೆ, ಮತ್ತೆ ಅರೇಬಿಕಾ ಜೊತೆ ಬೆರೆಯುತ್ತದೆ. ಟಿಮೋರ್‌ನ ಇಂಥ ಒಂದು ಅಪರೂಪದ ಗಿಡದ ಮೇಲೆ ಪ್ರಪಂಚದ ಎಷ್ಟೋ ದೇಶಗಳ ಕಾಫಿ ನಿಂತಿದೆ. ಕೊಡಗಿನ ಗಿಡಗಳ ಜೀನೋಮನ್ನೂ ಅಷ್ಟೇ ಕಾಳಜಿಯಿಂದ ಓದಬೇಕು ಅಂತ ನನ್ನ ಆಸೆ. ದೇವಮಚ್ಚಿಗೆ ಬಂದ ರೊಬಸ್ಟಾ ತುಂಡು ಮತ್ತು ಟಿಮೋರ್‌ಗೆ ಬಂದ ತುಂಡು ಒಂದೇನಾ, ಬೇರೆಯಾ? ಬೇರೆಯಾದರೆ ನಮ್ಮಲ್ಲಿ ಮೂರನೇ ಬೀಗ ಇದೆ ಅಂತ ಅರ್ಥ.

ಇನ್ನೊಂದು ಸಂಗತಿ. 2024ರಲ್ಲೇ ಉಡಿನೆಯ ತಂಡ ಇನ್ನೊಂದು ಪ್ರಬಂಧ ತಂದಿತು. ಅರೇಬಿಕಾದಲ್ಲಿ ಅಕ್ಷರ ಬದಲಾವಣೆ ಕಡಿಮೆ ಇದ್ದರೂ, ವರ್ಣತಂತುಗಳ ತುಂಡುಗಳು ಎರಡು ಜೀನೋಮ್‌ಗಳ ನಡುವೆ ಅದಲುಬದಲಾಗಿವೆ, ಕೆಲವು ಕಡೆ ಕಳೆದುಹೋಗಿವೆ, ವೈವಿಧ್ಯ ಹುಟ್ಟುವ ಒಂದು ದಾರಿ ಅದು ಅಂತ. ಅಂದರೆ ಒಂದೇ ಹೆಸರಿನ ಎರಡು ಹಳೇ ಗಿಡಗಳ ಒಳಗೂ ವ್ಯತ್ಯಾಸ ಇರಬಹುದು. ಸುಂಟಿಕೊಪ್ಪದ ಅಣ್ಣ, ನಿಮ್ಮ ಬೋರರ್ ಪ್ರಶ್ನೆಗೆ ಇಲ್ಲಿಂದ ಉತ್ತರ ಬರುತ್ತದೆ ಅಂತ ನಾನು ಮಾತು ಕೊಡಲಾರೆ. ಆದರೆ ಸುತ್ತ ಎಲ್ಲ ಹೋದರೂ ಉಳಿದ ಗಿಡ ಇದ್ದರೆ ಅದು ಬರೀ ಅದೃಷ್ಟನಾ, ನೆರಳಾ, ಒಳಗಿನದ್ದಾ ಅಂತ ಪರೀಕ್ಷೆ ಮಾಡುವ ಬೆಲೆ ಇದೆ. ಗಿಡ ಕಿತ್ತ ಮೇಲೆ ಆ ಪ್ರಶ್ನೆ ಕೇಳುವ ಹಾಗೂ ಇಲ್ಲ.

ಸುಂಟಿಕೊಪ್ಪದವ:

ಇದು ನನಗೆ ಹಿಡಿಸಿತು. ನಮ್ಮಲ್ಲೂ ಕಟ್ಟೆ ಪಕ್ಕ ಒಂದು ಸಾಲು ಅರೇಬಿಕಾ ಉಳಿದಿದೆ. ಅದು ನೆರಳಿನ ಜಾಗ ಅಲ್ಲ. ಸುಮ್ನೆ ಬಿಟ್ಟಿದ್ದೆ. ಕಾಂಡದಲ್ಲಿ ಬರುವ ಬೇಡದ ಕಂಬಚಿಗುರು ತೆಗೆದು ಸ್ವಲ್ಪ ಆರೈಕೆ ಮಾಡುತ್ತೇನೆ.

ಮಾದಾಪುರ ತೋಟ:

ಮನೆಯಲ್ಲಿ ಇದನ್ನೆಲ್ಲ ಓದಿ ಹೇಳಿದೆ. ಅಮ್ಮನಿಗೆ ಖುಷಿಯಾಯಿತು. ಕೆಳಗಿನ ಬೋಳು ಭಾಗಕ್ಕೆ ಸಿಎಕ್ಸ್‌ಆರ್ ಸಸಿ, ಬೀಜದ್ದೇ. ಮೇಲಿನ ಭಾಗದಲ್ಲಿ ಗಟ್ಟಿಯಿರುವ 795 ಹಾಗೇ ಇರುತ್ತದೆ, ಮಧ್ಯೆ ಹೋದ ಕಡೆ ಚಂದ್ರಗಿರಿ. ಹಲಸು, ಅತ್ತಿ ಕಡಿಯುವುದಿಲ್ಲ. ಉಳಿದ ಹಳೇ ಗಿಡಗಳಿಗೆ ಬಣ್ಣ ಬಳಿದು ನಂಬರ್ ಹಾಕುವುದು, ಯಾವುದಕ್ಕೆ ತುಕ್ಕು ಬಂತು, ಯಾವುದಕ್ಕೆ ಬೋರರ್ ಬಂತು ಅಂತ ಬರೆದಿಡುವುದು. ತಂಗಿ, ಎಲೆ ಬೇಕಾದರೆ ಹೇಳಿ, ಕಳಿಸುತ್ತೇನೆ. ಈ ಗಿಡಗಳಿಂದ ಬೀಜ ತೆಗೆಯಬಹುದಾ?

ನರ್ಸರಿ ಸಿದ್ದಾಪುರ:

ತೆಗೆಯಬಹುದು. ಕೊಯ್ಲಿನ ಮಧ್ಯದಲ್ಲಿ, ಚೆನ್ನಾಗಿ ಹಣ್ಣಾದದ್ದು ಮಾತ್ರ. ಒಂದೊಂದು ಗಿಡದ್ದು ಬೇರೆ ಬೇರೆ ಇಡಿ, ನಂಬರ್ ಬರೆದು. ಕೈಯಲ್ಲೇ ಸಿಪ್ಪೆ ಬಿಡಿಸಿ, ಬೂದಿ ಬೆರೆಸಿ, ನೆರಳಲ್ಲಿ ತೆಳ್ಳಗೆ ಹರಡಿ ಒಣಗಿಸಿ. ಕಣದ ಬಿಸಿಲಿಗೆ ಹಾಕಬೇಡಿ. ಡಿಸೆಂಬರ್-ಜನವರಿಯಲ್ಲೇ ಮಡಿಗೆ ಹಾಕಿ, ತುಂಬಾ ದಿನ ಇಟ್ಟರೆ ಮೊಳಕೆ ಶಕ್ತಿ ಹೋಗುತ್ತದೆ. ಕಾಫಿ ಬೋರ್ಡಿನ ಬೀಜವನ್ನೂ ಸ್ವಲ್ಪ ತರಿಸಿ ಪಕ್ಕದಲ್ಲೇ ಬೆಳೆಸಿ, ಹೋಲಿಸಿ ನೋಡೋಕೆ ಬೇಕಾಗುತ್ತದೆ.

ಜೀನೋಮ್ ಓದು (ಮಡಿಕೇರಿ):

ಎಲೆ ಖಂಡಿತ ಬೇಕು ಅಣ್ಣ. ಎಳೆ ಎಲೆ, ರೋಗ ಇಲ್ಲದ್ದು. ಚೆಟ್ಟಳ್ಳಿಯ ಸಂಶೋಧನಾ ಕೇಂದ್ರಕ್ಕೂ ಹೋಗಿ ಒಂದು ಸಲ ಮಾತಾಡಿ, 1946ರಿಂದ ಕೊಡಗಿನ ಕಾಫಿ ನೋಡುತ್ತಿರುವ ಜಾಗ ಅದು. ಎಲೆ ಇಡೋಕೆ ತೇವ ಹೀರುವ ಸಿಲಿಕಾ ಪುಡಿ ಇರುವ ಕವರ್ ನಾನು ಕಳಿಸುತ್ತೇನೆ. ಬಾಣೆಮನೆ ಅಕ್ಕ, ದೇವಮಚ್ಚಿ ಥರದ ಗಿಡ ನಿಮ್ಮ ಕಡೆ ಯಾರಿಗಾದರೂ ಕಂಡರೆ ಇದೇ ಚರ್ಚೆಯಲ್ಲಿ ಫೋಟೋ ಹಾಕಲು ಹೇಳಿ. ಎಲೆಯದ್ದು ಒಂದು, ಗೊಂಚಲಿನದ್ದು ಒಂದು.